ದೋಣಿಯ ಮೂತಿಯಲ್ಲಿ ನಿಂತ ನೀರು

ಕಾಕಾ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಯಾದಗಿರಿ. ಕಾಕಾರ ಕೈಯಿಂದಲೇ ಎಡಗಿವಿ ಕಳೆದುಕೊಂಡ ಮನುಷ್ಯ. ನಾನು ಬೆಳಿಗ್ಗೆ ಕಾರ್ಖಾನೆಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವನ ಫೋನ್ ಬಂತು. "ಚೆಲ್ಲೀ, ಅನ್ನ ಪೋಯಿಂಡು" ಎಂದ. ತಂಗೀ, ಅಣ್ಣ ಹೋದ. ಅವನ ಕಡೆಯಿಂದ ಲಾರಿ, ಬಸ್ಸುಗಳ ಸದ್ದು ಕೇಳಿಸುತ್ತಿತ್ತು. ಆಗಲೇ ಶಂಶಾಬಾದಿನ ದಾರಿ ಹಿಡಿದಿದ್ದ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಅವರದು ರಾಯಚೂರು ಸೀಮೆ, ಕೃಷ್ಣಾ ದಂಡೆಯ ಊರು. ಹರಗೋಲು ನಡೆಸುವ ಮನೆತನ. ನನ್ನದು ಕಲಬುರಗಿ. ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಅವರು ತಗಡಿನ ಕೆಲಸದ ವಿಭಾಗದಲ್ಲಿದ್ದರು. ನಾನು ತಪಾಸಣೆಯ ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. ಸೇರಿದ ವಾರದಲ್ಲೇ ಕ್ಯಾಂಟೀನಿನಲ್ಲಿ ಅವರನ್ನು ಮೊದಲು ಕಂಡೆ. ಸಾಲಿನಲ್ಲಿ ಹಿಂದಿದ್ದವನೊಬ್ಬನ ಮೊಣಕೈ ತಗುಲಿ ಅವರ ಅಂಗಿಯ ಮೇಲೆ ಸಾರು ಚೆಲ್ಲಿತು. ಅವರು ತಿರುಗಿದ್ದೂ, ಕೈಯಲ್ಲಿದ್ದ ಸ್ಟೀಲ್ ಲೋಟದಿಂದ ಅವನ ಬಾಯಿಗೆ ಬಾರಿಸಿದ್ದೂ ಒಂದೇ ಹೊತ್ತಿಗೆ. ಅನ್ನದ ತಟ್ಟೆಯಲ್ಲಿ ರಕ್ತ ತೊಟ್ಟಿಕ್ಕಿತು. ಯಾರೂ ಹತ್ತಿರ ಹೋಗಲಿಲ್ಲ. ಕಾಕಾರೇ ತಮ್ಮ ಕರವಸ್ತ್ರವನ್ನು ಅವನ ಬಾಯಿಗೆ ಒತ್ತಿ, ಕುತ್ತಿಗೆ ಹಿಡಿದು, ದಾರಿಯುದ್ದಕ್ಕೂ ಬಯ್ಯುತ್ತ ದವಾಖಾನೆಗೆ ಕರೆದುಕೊಂಡು ಹೋದರು. ತಾವು ಹೊಡೆದವರನ್ನು ತಾವೇ ದವಾಖಾನೆಗೆ ಒಯ್ಯುವುದು ಅವರ ಪದ್ಧತಿಯೆಂದು ಆಮೇಲೆ ತಿಳಿಯಿತು. ಅಲ್ಲಿನ ಕಾಂಪೌಂಡರ್ ಅವರನ್ನು ಕಂಡ ಕೂಡಲೇ ಹತ್ತಿ ತೆಗೆಯುತ್ತಿದ್ದನಂತೆ.

ನಾನು ಯಾರೊಂದಿಗೋ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಒಂದು ದಿನ ಅವರೇ ಬಂದರು.

"ಯಾವೂರ ಹುಡುಗಿ ನೀ?"

"ಕಲಬುರಗಿರಿ."

"ಈಜ ಬರತೈತೇನು?"

"ಇಲ್ಲರಿ."

"ಮತ್ತೇನ್ ಬರತೈತಿ ನಿನಗ?" ಎಂದು ಗದರಿದರು. ಮುಂದಿನ ಭಾನುವಾರ ನನ್ನನ್ನು ಹುಸೇನ್ ಸಾಗರಕ್ಕೆ ಕರೆದೊಯ್ದರು.

ಕಾರ್ಖಾನೆಯ ಕ್ರೀಡಾ ಸಂಘದ್ದು ಒಂದು ಹಳೆಯ ಹಾಯಿದೋಣಿ ಅಲ್ಲಿತ್ತು. ಮೂವರು ಕೂರಬಹುದಾದ ಪುಟ್ಟ ಫೈಬರ್ ದೋಣಿ. ಬಗ್ಗಿ ಒಳಹೋಗಬೇಕಾದ ಗಿಡ್ಡ ಕೋಣೆಯೊಂದು ನಡುವೆ. ಯಾರಿಗೂ ಬೇಡವಾಗಿದ್ದ ಅದನ್ನು ನೋಡಿಕೊಳ್ಳುತ್ತಿದ್ದವರು ಕಾಕಾ ಮತ್ತು ಯಾದಗಿರಿ. ಯಾದಗಿರಿ ಲೇಥ್ ಕೆಲಸದವನು, ನಲ್ಗೊಂಡದ ಕಡೆಯವನು. ನನಗಿಂತ ಎಷ್ಟೋ ದೊಡ್ಡವನಾದರೂ ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಏಕವಚನವೇ. ಬಹುವಚನ ಕೊಟ್ಟರೆ ಸಂಕೋಚಪಡುತ್ತಿದ್ದ. ತೆಲುಗು, ಹಿಂದಿ, ಕಾಕಾರಿಂದ ಕಲಿತ ಕನ್ನಡ ಮೂರನ್ನೂ ಕಲಸಿ ಮಾತಾಡುವನು. ಕಾಕಾ ದಿನಕ್ಕೊಮ್ಮೆಯಾದರೂ ಅವನ ಬೆನ್ನಿಗೆ ಗುದ್ದುತ್ತಿದ್ದರು, ತಲೆಗೆ ಮೊಟಕುತ್ತಿದ್ದರು. ಅವನು ನಕ್ಕು, "ಅನ್ನಾ, ಇದು ಎಲುಬು, ತಗಡು ಅಲ್ಲ" ಎನ್ನುತ್ತಿದ್ದ.

ಕಾಕಾ ನನ್ನನ್ನೂ ಒಮ್ಮೆ ಹೊಡೆದರು. ದೋಣಿಯ ಮೂತಿಯಲ್ಲಿ ಲಂಗರಿನ ಹಗ್ಗವನ್ನು ನೀರಿಗೆ ಬಿಡುತ್ತಿದ್ದೆವು. ಸುರುಳಿಯಾಗಿ ಬಿದ್ದಿದ್ದ ಹಗ್ಗದೊಳಗೆ ನಾನು ಅರಿಯದೆ ಕಾಲಿಟ್ಟು ನಿಂತಿದ್ದೆ. ಲಂಗರು ಬಿದ್ದಾಗ ಆ ಸುರುಳಿ ಬಿಗಿದು ಕಾಲನ್ನು ನೀರಿಗೆ ಎಳೆಯುತ್ತದೆ, ಮುರಿಯುತ್ತದೆ. ಅವರು ಮಾತಿನಲ್ಲಿ ಹೇಳಲಿಲ್ಲ. ಕೆನ್ನೆಗೆ ಬಾರಿಸಿದರು. ನಾನು ಹಿಂದಕ್ಕೆ ಬಿದ್ದೆ. ನನಗೆ ಕಣ್ಣು ಕತ್ತಲೆ ಬಂದದ್ದು ನೋವಿಗಲ್ಲ, ಸಿಟ್ಟಿಗೆ. ನಮ್ಮ ಮನೆಯಲ್ಲಿ ಅಪ್ಪ ಕೂಡ ನನ್ನ ಮೈಮೇಲೆ ಕೈಮಾಡಿರಲಿಲ್ಲ. ಪಕ್ಕದಲ್ಲಿದ್ದ ಹುಟ್ಟನ್ನು ಎತ್ತಿ ಅವರ ಹೆಗಲಿಗೆ ಬೀಸಿ ಹೊಡೆದೆ. ಯಾದಗಿರಿ "ಅಯ್ಯೋ" ಎಂದ. ಕಾಕಾ ಹೆಗಲು ಉಜ್ಜಿಕೊಳ್ಳುತ್ತ ನನ್ನನ್ನೇ ನೋಡಿದರು.

"ಹಾಂ. ಈಗ ಬಂತು ನೋಡು ನಿನಗ ದೋಣ್ಯಾಗ ಕುಂದರಾಕ" ಎಂದರು.

ಅವತ್ತಿನಿಂದ ನನ್ನ ಮೇಲೆ ಕೈ ಎತ್ತಲಿಲ್ಲ. ನಾನು ಅವರನ್ನು ಕಾಕಾ ಎನ್ನತೊಡಗಿದ್ದೂ ಆಮೇಲೆಯೇ. ಕ್ವಾರ್ಟರ್ಸಿನ ಅವರ ಮನೆಯಲ್ಲಿ ಎಷ್ಟೋ ಭಾನುವಾರ ಉಂಡಿದ್ದೇನೆ. ಕಾಕಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸುತ್ತಿದ್ದರು. ಅವರಿಗೆ ಮಾತು ಕಡಿಮೆ. ಯಾದಗಿರಿಗೆ ಅವರು ವದಿನಾ, ಅಂದರೆ ಅತ್ತಿಗೆ. ಕೆರೆಗೆ ಬನ್ನಿ ಎಂದು ನಾನು ಕರೆದಾಗಲೆಲ್ಲ, "ನಂಗ್ಯಾಕವ್ವ ನೀರಿನ ಉಸಾಬರಿ" ಎಂದು ಒಳಗೆ ಹೋಗಿಬಿಡುವರು.

ಹೊಡೆಯುವುದರ ಬಗ್ಗೆ ಕಾಕಾರಿಗೆ ಒಂದು ನಂಬಿಕೆಯಿತ್ತು. ಅದು ಎಲ್ಲಿಂದ ಬಂತೆಂದು ಒಂದು ಸಂಜೆ ತಾವಾಗಿ ಹೇಳಿದರು. ಅವರು ಸಣ್ಣವರಿದ್ದಾಗ ಕೃಷ್ಣಾ ಹೊಳೆಗೆ ಪ್ರವಾಹ ಬಂದಿತ್ತಂತೆ. ಅವರಪ್ಪ ನಡುಗಡ್ಡೆಯ ಜನರನ್ನು ಹರಗೋಲಿನಲ್ಲಿ ಈ ದಂಡೆಗೆ ತರುತ್ತಿದ್ದರು. ಕಡೆಯ ಸಲ ಹರಗೋಲು ತುಂಬಿ, ಅಂಚಿನವರೆಗೆ ನೀರು ಬಂದಿತ್ತು. ಉಳಿದವರು ತಡೆಯಲಾರದೆ ಈಜಿ ಬಂದು ಅಂಚು ಹಿಡಿದರು. ಹರಗೋಲು ಒಂದೇ ಕಡೆ ವಾಲಿತು.

"ನಮ್ಮಪ್ಪ ಹುಟ್ಟಿನಿಂದ ಆ ಕೈಗಳ ಮ್ಯಾಲ ಹೊಡದ್ರು ಯವ್ವಾ. ಬೆರಳ ಮುರಿಯೋ ಸಪ್ಪಳ ನಾ ಕೇಳೀನಿ. ಒಬ್ಬಾಕಿ ನಮ್ಮ ಸೋದರತ್ತಿನ ಇದ್ಲು. ಆಕಿ ಕೈಗೂ ಹೊಡದ್ರು. ಹೊಡದ್ರಂತನ ನಾವು ಒಳಗಿದ್ದವರು ಉಳಕೊಂಡ್ವಿ."

"ಅತ್ತಿ?" ಎಂದೆ.

"ಹೋದಳು."

ಆಮೇಲೆ ಅವರೇ, "ನಮ್ಮಪ್ಪ ಒಂದ ಹೊಡತ ತಡದು ಹೊಡದಿದ್ರ ನಾ ಇಲ್ಲಿ ಕುಂತು ನಿನ್ನ ಮುಂದ ಮಾತಾಡ್ತಿರಲಿಲ್ಲ" ಎಂದರು. ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತೋ ನಡುಕವಿತ್ತೋ ನನಗೆ ಗೊತ್ತಾಗಲಿಲ್ಲ. ಯಾದಗಿರಿ ಅಲ್ಲೇ ಹಾಯಿ ಮಡಚುತ್ತಿದ್ದ. ತಲೆಯೆತ್ತದೆ, "ಎಲ್ಲಾ ಜಾಗ ಹೊಳಿ ಅಲ್ಲ ಅನ್ನಾ" ಎಂದ. ಅದಕ್ಕೂ ಒಂದು ಗುದ್ದು ಬಿತ್ತು.

ಆ ದೋಣಿಯ ದೊಡ್ಡ ರೋಗವೆಂದರೆ ಅದರ ಲಂಗರಿನ ಗೂಡು. ದೋಣಿಯ ಮೂತಿಯಲ್ಲಿ, ಮುಚ್ಚಳದ ಕೆಳಗೆ, ಲಂಗರು, ಸರಪಳಿ, ಹಗ್ಗ ಇಡುವ ಕಾಳು ತುಂಬಿಡುವ ಹಗೇವಿನಂಥ ಒಂದು ಜಾಗ. ಮಳೆಯ ನೀರು, ಅಲೆಯ ನೀರು ಮುಚ್ಚಳದ ಸಂದಿಯಿಂದ ಅದರೊಳಗೆ ಇಳಿಯುತ್ತದೆ. ಅದು ಹೊರಗೆ ಹರಿದುಹೋಗಲು ದೋಣಿಯ ಪಕ್ಕದಲ್ಲಿ ಒಂದು ತೂತು. ನಮ್ಮ ದೋಣಿಯಲ್ಲಿ ಆ ತೂತು ಗೂಡಿನ ತಳಕ್ಕಿಂತ ಮೇಲಿತ್ತು. ಹಾಗಾಗಿ ತಳದಲ್ಲಿ ಸದಾ ನೀರು ನಿಲ್ಲುತ್ತಿತ್ತು. ಹುಸೇನ್ ಸಾಗರದ ತಳದ ಕಪ್ಪು ರಾಡಿ ಸರಪಳಿಗೆ ಅಂಟಿ ಬಂದು ಅಲ್ಲಿ ಕೂರುತ್ತಿತ್ತು. ಮುಚ್ಚಳ ತೆಗೆದರೆ ಚರಂಡಿಯ ನಾತ. ಹಗ್ಗ ಕೊಳೆಯುತ್ತಿತ್ತು. ಗೂಡಿಗೂ ಒಳಕೋಣೆಗೂ ನಡುವಿನ ಹಲಗೆ ನೆನೆದು ಬೆರಳಿಟ್ಟರೆ ಒಳಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮೂತಿಯಲ್ಲಿ ಭಾರ ಕೂತ ದೋಣಿ ಅಲೆ ಬಂದರೆ ಮೇಲೇಳುವ ಬದಲು ಅದರೊಳಕ್ಕೆ ತಲೆಯಿಕ್ಕುತ್ತದೆ.

ಒಂದು ಬೇಸಿಗೆ ಕಾಕಾ ಅದನ್ನು ಸರಿಮಾಡಲು ನಿಂತರು. ಗೂಡನ್ನು ಒಣಗಿಸಿ, ಉಜ್ಜಿ, ರಾಳ ಸುರಿದು ತಳವನ್ನು ತೂತಿನ ಮಟ್ಟಕ್ಕೆ ಎತ್ತರಿಸಿದರು. ಹಗ್ಗ ನೀರಿನಲ್ಲಿ ಕೂರದಂತೆ ಅದರ ಮೇಲೊಂದು ಪಟ್ಟಿಗಳ ಚೌಕಟ್ಟು ಮಾಡಿ ಸ್ಕ್ರೂ ಹಾಕಿ ಬಿಗಿದರು. ಅಷ್ಟು ಚೆನ್ನಾಗಿಯೇ ಇತ್ತು. ಕಡೆಗೆ, ಕೆರೆಯ ಕಸ ತೂತಿಗೆ ಸಿಕ್ಕಿಕೊಳ್ಳದಿರಲೆಂದು ತೂತಿನ ಒಳಬಾಯಿಗೆ ಸಣ್ಣ ಕಣ್ಣಿನ ತಂತಿಯ ಜಾಲಿಯೊಂದನ್ನು ಅಂಟಿಸಿಬಿಟ್ಟರು.

ಯಾದಗಿರಿ ಬಗ್ಗಿ ನೋಡಿ ಹೇಳಿದ: "ಅನ್ನಾ, ಈ ಜಾಲಿ ತೆಗೆಯಂಗ ಇರಬೇಕು. ಅಂಟಿಸಿದರ ಕಸ ಇದರ ಮ್ಯಾಲನ ಕೂಡತೈತಿ. ಮ್ಯಾಲ ಚೌಕಟ್ಟು ಬ್ಯಾರೆ. ಎಟ್ಲಾ, ಹೆಂಗ ತೆಗೀತೀರಿ?"

"ಹೊರಗಿಂದ ತಂತಿ ಹಾಕಿ ಚುಚ್ಚಿದ್ರ ಹೋಕೈತಿ."

"ಹೋಗಂಗಿಲ್ಲ ಅನ್ನಾ."

"ನೀ ಲೇಥ್ ತಿರುವು. ನೀರಿಂದು ನನಗ ಬಿಡು" ಎಂದು ಕಾಕಾ ಕೈಯಲ್ಲಿದ್ದ ಸ್ಪ್ಯಾನರನ್ನು ಅವನ ಕಡೆ ಎಸೆದರು. ಅದು ಮೊಣಕಾಲಿಗೆ ಬಡಿದು ಅವನು ಕುಂಟುತ್ತ ಹೋದ. ಪ್ರತಿ ಸಲ ದೋಣಿ ಇಳಿಸುವ ಮುಂಚೆ ತೂತಿಗೆ ತಂತಿ ಚುಚ್ಚುವ ಕೆಲಸವನ್ನೂ ಅವನಿಗೇ ಹಚ್ಚಿದರು.

ಆ ವರ್ಷ ಗಣೇಶನ ನಿಮಜ್ಜನವಾದ ಮೇಲೆ ಕೆರೆ ಎಂದಿನಂತೆ ಬಿಳಿಚಿಕೊಂಡಿತ್ತು. ಕರಗಿದ ಪ್ಲಾಸ್ಟರು, ಬಣ್ಣ, ಚೆಂಡುಹೂವು, ಜರಿಕಾಗದ. ಕೆಲವು ವಾರ ಕಳೆದು ಒಂದು ಭಾನುವಾರ ನಾವು ಮೂವರೂ ಹೊರಟೆವು. ಇಳಿಸುವ ಮುಂಚೆ ಯಾದಗಿರಿ ತೂತಿಗೆ ತಂತಿ ಹಾಕಿ ನೋಡಿ, "ಅನ್ನಾ, ಒಳಗ ಹೋಗವಲ್ದು. ಅಡ್ಡ ಏನೋ ಐತಿ" ಎಂದ.

"ಚುಚ್ಚಾಕ ಬರವಲ್ದು ನಿನಗ. ಅದು ಜಾಲಿ. ದೋಣಿ ಹತ್ತು" ಎಂದರು ಕಾಕಾ.

ಮಧ್ಯಾಹ್ನದವರೆಗೆ ಗಾಳಿಯೇ ಇರಲಿಲ್ಲ. ಬುದ್ಧನ ಪ್ರತಿಮೆಯ ಆಚೆ ಇದ್ದೆವು. ಸಂಜೀವಯ್ಯ ಪಾರ್ಕಿನ ಕಡೆಯ ಆಕಾಶ ಇದ್ದಕ್ಕಿದ್ದಂತೆ ಹೊಗೆಯ ಬಣ್ಣಕ್ಕೆ ತಿರುಗಿತು. ನೀರಿನ ಮೇಲೆ ಕಪ್ಪು ಗೆರೆಯೊಂದು ನಮ್ಮ ಕಡೆ ಓಡಿಬಂತು. ಕಾಕಾ "ಹಾಯಿ ಇಳಸ್ರಿ" ಎಂದು ಕೂಗುವಷ್ಟರಲ್ಲಿ ಗಾಳಿ ಬಂದು ಹೊಡೆಯಿತು. ಮಳೆ ಅಡ್ಡಡ್ಡ ಬಂತು. ಮುಖಕ್ಕೆ ಮರಳು ಎರಚಿದಂತೆ. ಮೊದಲ ಅಲೆ ಮೂತಿಯ ಮೇಲಿಂದ ಹಾಯ್ದು ಹೋಯಿತು. ಎರಡನೆಯದಕ್ಕೆ ಮೂತಿ ಏಳಲೇ ಇಲ್ಲ. ಯಾದಗಿರಿ ತೆವಳುತ್ತ ಮುಂದೆ ಹೋಗಿ ಗೂಡಿನ ಮುಚ್ಚಳ ಎತ್ತಿ, ನಮ್ಮ ಕಡೆ ತಿರುಗಿ ಕೂಗಿದ. ಗಾಳಿಯಲ್ಲಿ ಮಾತು ಕೇಳಲಿಲ್ಲ, ಕೈಸನ್ನೆ ಕಂಡಿತು: ಗೂಡು ಬಾಯಿವರೆಗೆ ತುಂಬಿದೆ. ಅವನು ಬೊಗಸೆಯಿಂದ ನೀರು ಎತ್ತಿ ಚೆಲ್ಲತೊಡಗಿದ. ಮುಂದಿನ ಅಲೆ ಅವನ ಮೇಲೇ ಬಿತ್ತು. ದೋಣಿ ಮೂತಿ ಕುಕ್ಕಿ, ಪಕ್ಕಕ್ಕೆ ಹೊರಳಿ, ಮಗುಚಿತು.

ನಾನು ನೀರಿನೊಳಗೆ ಹೋಗಿ ಮೇಲೆ ಬಂದೆ. ತೊಟ್ಟಿದ್ದ ಜಾಕೆಟ್ ನನ್ನನ್ನು ತೇಲಿಸಿತು. ಬಾಯಿ ತುಂಬ ಕೊಳಚೆ. ದೋಣಿಯ ಹೊಟ್ಟೆಯನ್ನು ತಬ್ಬಿ ಹಿಡಿದೆ. ಯಾದಗಿರಿ ಕಾಣಲಿಲ್ಲ. ಗೂಡಿನಿಂದ ಹೊರಚೆಲ್ಲಿದ್ದ ಲಂಗರಿನ ಹಗ್ಗ ಅವನ ಕುತ್ತಿಗೆಗೂ ಕಂಕುಳಿಗೂ ಸುತ್ತಿಕೊಂಡು, ಲಂಗರು ಅವನನ್ನು ಕೆಳಗೆ ಎಳೆದು ಹಿಡಿದಿತ್ತು. ಕಾಕಾ ಜಾಕೆಟ್ ಕಿತ್ತು ಬಿಸಾಡಿ ಮುಳುಗಿದರು. ಎದ್ದು ಬಂದರು, ಮತ್ತೆ ಮುಳುಗಿದರು. ಕಡೆಗೆ ಅವನ ಕೂದಲು ಹಿಡಿದು ಮೇಲೆ ತಂದರು. ಹಗ್ಗವನ್ನು ಅವರು ಸೊಂಟದಲ್ಲಿದ್ದ ಚಾಕುವಿನಿಂದ ಕೊಯ್ದ ಹೊತ್ತಿನಲ್ಲಿ ಯಾದಗಿರಿ ಹೆದರಿಕೆಯಲ್ಲಿ ಅವರ ಮುಖವನ್ನೇ ಹಿಡಿದು ಕೆಳಗೆ ಒತ್ತುತ್ತಿದ್ದನಂತೆ. ಕಾಕಾರ ಕೆನ್ನೆಯಲ್ಲಿ ಅವನ ಉಗುರಿನ ಗೀರುಗಳಿದ್ದವು. ರಕ್ಷಣೆಯ ದೋಣಿ ಬಂದು ನಮ್ಮನ್ನು ದಂಡೆಗೆ ಮುಟ್ಟಿಸಿತು.

ಅಲ್ಲಿಗೆ ಮುಗಿದಿದ್ದರೆ ನಾನು ಈ ಬರಹವನ್ನು ಬೇರೆ ರೀತಿ ಬರೆಯುತ್ತಿದ್ದೆ. ದಂಡೆಯ ಕಲ್ಲುಹಾಸಿನ ಮೇಲೆ ಯಾದಗಿರಿ ಕವುಚಿ ಬಿದ್ದು ನೀರು ಕಾರುತ್ತಿದ್ದ. ಕಾಕಾ ಅವನ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಇದ್ದಕ್ಕಿದ್ದಂತೆ ಅವನ ಅಂಗಿಯ ಕಾಲರ್ ಹಿಡಿದು ಎತ್ತಿ ಕೂರಿಸಿದರು.

"ಚುಚ್ಚು ಅಂದಿದ್ದೆ ನಿನಗ! ತೂತ ಸ್ವಚ್ಛ ಇಡು ಅಂದಿದ್ದೆ! ಈ ಹುಡುಗಿನ ಕೊಲ್ಲತಿದ್ದೆಲ್ಲೋ!"

ತೆರೆದ ಅಂಗೈಯಿಂದ ಅವನ ಎಡಗಿವಿಯ ಮೇಲೆ ಹೊಡೆದರು. ಮತ್ತೆ ಹೊಡೆದರು. ಅವನಿಗೆ ಕೈ ಅಡ್ಡ ತರುವ ಶಕ್ತಿಯೂ ಇರಲಿಲ್ಲ. ತಲೆ ಆಚೆ ಈಚೆ ಬೀಳುತ್ತಿತ್ತು. ನಾನು ಕಾಕಾರ ಬೆನ್ನಿಗೆ ಜೋತುಬಿದ್ದೆ; ಕೊಡವಿ ಎಸೆದರು. ಉಳಿದ ದೋಣಿಗಳವರು ಓಡಿಬಂದು ಅವರನ್ನು ನೆಲಕ್ಕೆ ಕೆಡವಿ ಮೇಲೆ ಕೂತರು. ಯಾದಗಿರಿಯ ಕಿವಿಯಿಂದ ನೀರಿನ ಜತೆ ರಕ್ತ ಇಳಿಯುತ್ತಿತ್ತು.

ಅವನನ್ನು ಕೋಠಿಯ ದವಾಖಾನೆಗೆ ನಾನೇ ಆಟೋದಲ್ಲಿ ಕರೆದೊಯ್ದೆ. ತಾವು ಹೊಡೆದವರನ್ನು ತಾವೇ ಒಯ್ಯುವ ಪದ್ಧತಿಯ ಕಾಕಾ ಅವತ್ತು ಬರಲಿಲ್ಲ. ಕಿವಿಯ ತಮಟೆ ಹರಿದಿತ್ತು. ಕೆರೆಯ ನೀರು ಒಳಹೋಗಿ ಕೀವಾಗಿ, ಆ ಕಿವಿ ಮತ್ತೆ ಕೇಳಲಿಲ್ಲ. ಸಂಘದವರು ಪೊಲೀಸರಿಗೆ ದೂರು ಕೊಡಲು, ಕಾರ್ಖಾನೆಯವರು ವಿಚಾರಣೆ ನಡೆಸಲು ಸಿದ್ಧರಾದರು. ಕಾಕಾರ ನೌಕರಿ ಹೋಗುವುದರಲ್ಲಿತ್ತು. ಯಾದಗಿರಿ ಮಲಗಿದ ಕಡೆಯಿಂದಲೇ, ದೋಣಿ ಮಗುಚುವಾಗ ಹಾಯಿಯ ಮರ ಬಡಿದು ಹೀಗಾಯಿತು ಎಂದು ಹೇಳಿಕೆ ಕೊಟ್ಟ. ಹೊಡೆದದ್ದನ್ನು ಕಂಡಿದ್ದವರೆಲ್ಲ ಅವನ ಮುಖ ನೋಡಿದರು. ಅವನು ಹೇಳಿದ್ದನ್ನು ಬದಲಿಸಲಿಲ್ಲ.

ದೋಣಿಯನ್ನು ಎಳೆದು ತಂದು ನಾಚಾರಂನ ಒಂದು ಶೆಡ್ಡಿಗೆ ಹಾಕಿದ್ದರು. ಫೈಬರಿನ ನೀರಿನ ಟ್ಯಾಂಕು ಮಾಡುವ ಜಾಗ ಅದು. ಒಂದು ರಜೆಯ ದಿನ ಕಾಕಾ ನನ್ನನ್ನು ಕರೆದರು. ಹೋಗಬಾರದೆಂದುಕೊಂಡೆ, ಹೋದೆ. ದಾರಿಯಲ್ಲಿ ಅವರು ಯಾದಗಿರಿಯ ಹೆಸರು ಎತ್ತಲಿಲ್ಲ.

ಗೂಡಿನ ಮುಚ್ಚಳ ತೆಗೆದು, ಚೌಕಟ್ಟಿನ ಸ್ಕ್ರೂಗಳನ್ನು ಒಂದೊಂದೇ ಬಿಚ್ಚಿದರು. ಚೌಕಟ್ಟು ಎತ್ತಿದಾಗ ಕೆಳಗೆ ಜಾಲಿ ಇದ್ದ ಜಾಗದಲ್ಲಿ ಬೆಳ್ಳಗೆ ಗಟ್ಟಿಯಾದ ಪದರವೊಂದು ಕಂಡಿತು. ಕೆರೆಗೆ ಬಿಟ್ಟ ಮೂರ್ತಿಗಳ ಪ್ಲಾಸ್ಟರು ರಾಡಿಯ ಜತೆ ಜಾಲಿಯ ಕಣ್ಣುಗಳಲ್ಲಿ ಕೂತು, ಒಣಗಿ, ಗಾರೆಯಂತೆ ಹಿಡಿದುಕೊಂಡಿತ್ತು. ನಡುನಡುವೆ ಜರಿಕಾಗದ ಮಿನುಗುತ್ತಿತ್ತು. ಕಾಕಾ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದರು. ಕಲ್ಲಿನ ಸದ್ದು ಬಂತು. ಹೊರಗೆ ಹೋಗಿ ತೂತಿಗೆ ತಂತಿ ಹಾಕಿದರು. ತಂತಿ ತೂತಿನ ಉದ್ದಕ್ಕೂ ಸಲೀಸಾಗಿ ಬಂದು ಜಾಲಿಗೆ ತಾಗಿ ನಿಂತಿತು. ತೂತು ಹೊಸ ಲೋಟದಂತೆ ಶುಭ್ರವಾಗಿತ್ತು.

"ಚುಚ್ಚಿದ್ದಾನವ" ಎಂದರು. ನನಗೆ ಹೇಳಿದ್ದಲ್ಲ.

ಆಮೇಲೆ ಅಲ್ಲಿದ್ದ ಸುತ್ತಿಗೆ ಎತ್ತಿಕೊಂಡು ದೋಣಿಯ ಮೂತಿಗೆ ಹೊಡೆಯತೊಡಗಿದರು. ಫೈಬರು ಸೀಳಿ ಚೂರುಗಳು ಹಾರಿದವು. ಅವರ ಮುಂಗೈ ಕೊಯ್ದು ರಕ್ತ ಸುತ್ತಿಗೆಯ ಹಿಡಿಗೆ ಇಳಿಯಿತು. ಕೈ ಜಾರಿದರೂ ನಿಲ್ಲಲಿಲ್ಲ. ಶೆಡ್ಡಿನವರು ಹಿಂದಿನಿಂದ ಹಿಡಿದುಕೊಂಡರು. ಹಿಡಿದಾಗ ಅವರು ಜಗಳಾಡಲಿಲ್ಲ. "ನಡಿ" ಎಂದರು ನನಗೆ. "ಅವನ ಮನಿಗೆ ಹೋಗೂನು."

ಯಾದಗಿರಿಯ ಮನೆ ಮೌಲಾಲಿಯಲ್ಲಿತ್ತು. ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ತೆಲುಗಿನಲ್ಲಿ ಬಾಯಿಗೆ ಬಂದಂತೆ ಬಯ್ದಳು. ಅಕ್ಕಪಕ್ಕದವರು ಹೊರಗೆ ಬಂದರು. ಕಾಕಾ ಮೆಟ್ಟಿಲ ಕೆಳಗೆ ರಕ್ತದ ಕೈ ಇಳಿಬಿಟ್ಟುಕೊಂಡು ಎಲ್ಲವನ್ನೂ ಕೇಳುತ್ತ ನಿಂತರು. ಯಾದಗಿರಿ ಕಿವಿಗೆ ಹತ್ತಿ ಇಟ್ಟುಕೊಂಡು ಹೊರಗೆ ಬಂದ. ತೂಕ ಇಳಿದಿದ್ದ.

"ಜಾಲಿ ಕಟ್ಟಿತ್ತೋ. ಜಾಲಿ ನಂದು" ಎಂದರು ಕಾಕಾ. "ನೀ ಹೇಳಿದ್ದಿ. ಹೊಡಿ ನನಗ."

ಕಾಕಾ ಮೆಟ್ಟಿಲೇರಿ ಅವನ ಕೈ ಹಿಡಿದು ತಮ್ಮ ಕೆನ್ನೆಗೆ ಬಡಿದುಕೊಂಡರು. ಅವನು ಕೈ ಎಳೆದುಕೊಂಡ.

"ನಾ ಹೊಡಿಯಂಗಿಲ್ಲ ಅನ್ನಾ."

"ಯಾಕ?"

"ಹೊಡದರ ನಿಮಗ ಹಗುರ ಆಕೈತಿ. ನನಗ ಕಿವಿ ಬರಂಗಿಲ್ಲ."

"ಹೊಡಿ ಅಂದ್ರ ಹೊಡಿ!" ಕಾಕಾ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಹೊಡಿತೀಯೋ ಇಲ್ಲೋ? ಇಲ್ಲಂದ್ರ ನಾನ..." ಎನ್ನುತ್ತ ಬಲಗೈ ಎತ್ತಿಯೇಬಿಟ್ಟರು.

ಯಾದಗಿರಿ ಹಿಂದೆ ಸರಿಯಲಿಲ್ಲ. ಮುಖವನ್ನು ಸ್ವಲ್ಪ ತಿರುಗಿಸಿ ಬಲಗಿವಿಯನ್ನು ಅವರ ಕಡೆ ಹಿಡಿದ. ಅವನ ಹೆಂಡತಿ ಕಿರುಚಿದಳು. ಕಾಕಾರ ಕೈ ಗಾಳಿಯಲ್ಲೇ ನಿಂತಿತು. ಅದನ್ನು ಏನು ಮಾಡಬೇಕೆಂದು ಅವರಿಗೇ ತಿಳಿಯದಂತಿತ್ತು. ನಿಧಾನವಾಗಿ ಇಳಿಸಿ, ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಗಂಟಲಿನಿಂದ ಹೊರಟ ಸದ್ದನ್ನು ನಾನು ಆ ಮುಂಚೆ ಯಾವ ಮನುಷ್ಯನಿಂದಲೂ ಕೇಳಿರಲಿಲ್ಲ. ಯಾದಗಿರಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವತ್ತು ಕಾಕಾರ ಕೈಗೆ ಪಟ್ಟಿ ಕಟ್ಟಿಸಿ ಕ್ವಾರ್ಟರ್ಸಿಗೆ ಬಿಟ್ಟು ಬಂದವಳು ನಾನು.

ಗೆಳೆತನ ಅಲ್ಲಿಗೆ ಹರಿಯಿತು ಎಂದುಕೊಂಡಿದ್ದೆ. ಕೆಲವು ವಾರಗಳಾದ ಮೇಲೆ ಯಾದಗಿರಿ ತಾನಾಗಿ ನಾಚಾರಂಗೆ ಬಂದ. ಕಾಕಾ ಒಡೆದಿದ್ದ ಮೂತಿಯನ್ನು ಸವರಿ ನೋಡಿದ. "ದೋಣಿ ಏನು ಮಾಡಿತ್ತು ಪಾಪ" ಎಂದು ಅಂಗಿ ಕಳಚಿಟ್ಟು ಕೆಲಸಕ್ಕೆ ನಿಂತ. ಆ ಗೂಡನ್ನು ಅವರಿಬ್ಬರೂ ಮೊದಲಿನಿಂದ ಕಟ್ಟಿದರು. ಜಾಲಿ ಕಿತ್ತೆಸೆದರು. ತಳವನ್ನು ನಡುವಿನಿಂದ ಎರಡೂ ಪಕ್ಕಕ್ಕೆ ಇಳಿಜಾರು ಮಾಡಿ, ಎಲ್ಲಕ್ಕಿಂತ ತಗ್ಗಾದ ಕಡೆ ಪಕ್ಕಕ್ಕೊಂದರಂತೆ ಹೆಬ್ಬೆರಳು ಹೋಗುವಂಥ ತೂತು ಕೊರೆದರು. ತೂತಿನ ಅಂಚಿನಲ್ಲಿ ಫೈಬರಿನೊಳಗಿನ ಮರ ನೀರು ಕುಡಿಯದಂತೆ ರಾಳ ಬಳಿದರು. ಅಲೆಯ ನೀರು ನೇರ ಒಳನುಗ್ಗದಂತೆ ಹೊರಗಡೆ ಹಿಂದಕ್ಕೆ ಬಾಯಿ ಇರುವ ಚಿಪ್ಪು ಕೂರಿಸಿದರು. ಚೌಕಟ್ಟಿಗೆ ಸ್ಕ್ರೂ ಹಾಕಲಿಲ್ಲ. ಒಂದೇ ಕೈಯಲ್ಲಿ ಎತ್ತಿ ತೆಗೆದು ತಳ ತೊಳೆಯಬಹುದಾಗಿತ್ತು. ಮೆತ್ತಗಾಗಿದ್ದ ಹಲಗೆಯನ್ನು ತೆಗೆದು ಹೊಸದು ಕೂರಿಸಿದರು.

ಕೆಲಸದ ಹೊತ್ತಿನಲ್ಲಿ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಕಾಕಾ ಕರೆಯಬೇಕಾದರೆ ಸುತ್ತುಹಾಕಿ ಬಂದು ಅವನ ಬಲಕ್ಕೆ ನಿಂತು ಕರೆಯುತ್ತಿದ್ದರು. ಒಮ್ಮೆ ರಾಳ ಕಲಸುವಾಗ ಯಾದಗಿರಿ ತಪ್ಪಿ ಡಬ್ಬಿಯನ್ನೇ ಉರುಳಿಸಿದ. ಕಾಕಾ ಹಲ್ಲು ಕಚ್ಚಿದರು. ಕುತ್ತಿಗೆಯ ನರ ಉಬ್ಬಿತು. ಶೆಡ್ಡಿನ ಹೊರಗೆ ಹೋಗಿ ಕಂಪೌಂಡಿನ ಗೋಡೆಗೆ ಹಣೆ ಒತ್ತಿಕೊಂಡು ನಿಂತು, ಬಹಳ ಹೊತ್ತಿನ ಮೇಲೆ ಒಳಬಂದು ರಾಳ ಒರೆಸಿದರು. ಸಿಟ್ಟು ಅವರಿಂದ ಹೋಗಿರಲಿಲ್ಲ. ನಿವೃತ್ತರಾಗುವವರೆಗೂ ಕಾರ್ಖಾನೆಯಲ್ಲಿ ಅವರ ದನಿಗೆ ಜನ ಬೆಚ್ಚುತ್ತಿದ್ದರು. ಕಾಂಪೌಂಡರಿಗೆ ಮಾತ್ರ ಅವರ ಕಡೆಯಿಂದ ಕೆಲಸ ಬರಲಿಲ್ಲ.

ಗೂಡು ಮುಗಿದ ದಿನ ಯಾದಗಿರಿ ಹೊರಗೆ ನಿಂತ. ಕಾಕಾ ಒಂದು ಬಕೆಟ್ ನೀರನ್ನು ಒಮ್ಮೆಲೇ ಗೂಡಿಗೆ ಸುರಿದರು. ಎರಡೂ ಪಕ್ಕದಿಂದ ನೀರು ಭೋರೆಂದು ಹೊರಬಿತ್ತು. ತಳ ಒಣಗಿಯೇ ಇತ್ತೇನೋ ಎನ್ನುವಂತೆ ಬರಿದಾಯಿತು.

"ಹೋತೇನೋ?" ಎಂದರು ಕಾಕಾ.

"ಎಲ್ಲಾ ಹೋತು" ಎಂದ ಯಾದಗಿರಿ.

ನಿವೃತ್ತಿಯ ಮೇಲೆ ಕಾಕಾ, ಕಾಕಿ ಶಂಶಾಬಾದಿನಲ್ಲಿ ಮಗಳ ಮನೆಗೆ ಹೋದರು. ಮಗಳಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಯಾದಗಿರಿ ಆಗಾಗ ಹೋಗಿ ಬರುತ್ತಿದ್ದ. ನಾನು ಹಬ್ಬ ಹುಣ್ಣಿಮೆಗೆ. ಕಡೆಯ ಸಲ ಕಂಡಾಗ ಕಾಕಾ ಇಳಿದುಹೋಗಿದ್ದರು. ಎದೆ ನೋವು ಎನ್ನುತ್ತಿದ್ದರು.

ಅವರು ತೀರಿಕೊಂಡ ದಿನ ನಾನು ಮನೆ ತಲುಪುವಾಗ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ವಿಮಾನಗಳು ಮನೆಯ ಮೇಲೆಯೇ ಇಳಿಯುವಂತೆ ಸದ್ದು ಮಾಡುತ್ತ ಹೋಗುತ್ತಿದ್ದವು. ಊರಿನಿಂದ ಬಂದ ನೆಂಟರು ಹೊರಗೆ ಕೂತಿದ್ದರು. ಯಾದಗಿರಿ ಕಾಕಾರ ಕಾಲ ಬಳಿ ಕೂತು ಅಳುತ್ತಿದ್ದ. ಕಾಕಿ ಅಳುತ್ತಿರಲಿಲ್ಲ. ನಾನು ಹೋಗಿ ಅವರ ಪಕ್ಕ ಕೂತೆ. ಅವರು ನನ್ನ ಕೈ ಹಿಡಿದುಕೊಂಡು, ಯಾದಗಿರಿಯನ್ನು ಕರೆದರು.

"ಯಾದಗಿರಿ, ನಿಮಗೊಂದ ಮಾತು ಹೇಳೋದಿತ್ತರಿ. ಇವರಿದ್ದಾಗ ಹೇಳಾಕ ಬರಲಿಲ್ಲ."

ಅವನು ಕಣ್ಣೊರೆಸಿಕೊಂಡು ನೋಡಿದ.

"ಅವತ್ತು ನಿಮ್ಮ ಮನಿಗೆ ಹೋಗಿ ಬಂದ್ರಲ್ಲ, ಕೈಗೆ ಪಟ್ಟಿ ಕಟಗೊಂಡು. ಊಟಕ್ಕ ನೀಡಿದೆ. ಪಲ್ಯಾ ಆರಿತ್ತು. ಆರಿದ್ರ ಏನಾಕೈತಂತ ನನಗ ಗೊತ್ತಿತ್ತು. ಕೈ ಎತ್ತಿದ್ರು. ನಾ ಮಾರಿ ಮುಚಗೊಂಡೆ. ಹೊಡತ ಬೀಳಲಿಲ್ಲ. ಕಣ್ಣ ತಗದು ನೋಡಿದ್ರ ಕೈ ಹಂಗ ಮ್ಯಾಲ ಐತಿ. ಆಮ್ಯಾಲ ಇಳಿಸಿ, ಆರಿದ್ದನ್ನ ಉಂಡ್ರು. ಅದಾದ ಮ್ಯಾಲ ನನ್ನ ಹೊಡದಿಲ್ಲರಿ."

ಅವರು ಇದನ್ನು ಅಡುಗೆಯ ಮಾತು ಹೇಳುವ ದನಿಯಲ್ಲೇ ಹೇಳಿದರು. 

"ವದಿನಾ... ಅನ್ನ ನಿಮ್ಮನ್ನ ಹೊಡೀತಿದ್ರಾ?"

"ಮದುವಿ ಆದಾಗಿಂದ."

ಆ ಮನೆಯ ರೊಟ್ಟಿ, ಆ ಮನೆಯ ನಗು, ಒಳಗೆ ಹೋಗಿಬಿಡುತ್ತಿದ್ದ ಕಾಕಿಯ ಬೆನ್ನು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಯಾದಗಿರಿ ಎದ್ದು ನಿಂತ. ಇಷ್ಟು ವರ್ಷಗಳಲ್ಲಿ ಅವನ ಮುಖದಲ್ಲಿ ನಾನು ಸಿಟ್ಟು ಕಂಡದ್ದು ಅದೇ ಮೊದಲು. ದವಡೆ ಬಿಗಿದಿತ್ತು. ಮಲಗಿಸಿದ್ದ ಕಾಕಾರ ಮುಖವನ್ನೇ ನೋಡುತ್ತ, ಮುಷ್ಟಿ ಕಟ್ಟಿಕೊಂಡು, "ಅವತ್ತ ಗೊತ್ತಿದ್ದರ..." ಎಂದ. ಒಂದು ಹೆಜ್ಜೆ ಮುಂದಿಟ್ಟ. ಕಾಕಾರ ಮಗಳು ಹೆದರಿ ಅವನ ತೋಳು ಹಿಡಿದಳು.

"ಈಗ ಬ್ಯಾಡರಿ" ಎಂದರು ಕಾಕಿ. "ಹೊತ್ತಾಗಾಕತ್ತೈತಿ. ಎತ್ತರಿ."

ಹೊರಗಿನವರು ಒಳಗೆ ಬಂದರು. ಯಾದಗಿರಿ ಮುಷ್ಟಿ ಬಿಚ್ಚಿ, ತಲೆಯ ಕಡೆ ಹೋಗಿ ಹೆಗಲು ಕೊಟ್ಟ. ಕಾಕಿ ಬಾಗಿಲವರೆಗೆ ಬಂದರು. ಹೊಸ್ತಿಲಾಚೆ ಕಾಲಿಡಲಿಲ್ಲ. ಹೆಣ ಬೀದಿ ತಿರುಗುವ ಮೊದಲೇ ಒಳಗೆ ಹೋಗಿ, ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಮುಖ ತೊಳೆಯತೊಡಗಿದರು.